ಆಸ್ಪತ್ರೆಯ ಸರತಿಸಾಲು: ಹೆಚ್ಚು ಕಾಯುವವರು ಯಾರು?

ಈ ವಿಭಾಗದಲ್ಲಿ ನಾವು ಸಾಮಾನ್ಯವಾಗಿ ಒಂದು ಕಾಯಿಲೆಯನ್ನು ಎತ್ತಿಕೊಂಡು ಅದರ ಕಾರಣ, ಲಕ್ಷಣ, ಪಥ್ಯ, ಚಿಕಿತ್ಸೆಗಳನ್ನು ವಿವರಿಸುತ್ತೇವೆ. ಈ ತಿಂಗಳು ಯಾವುದೇ ಒಂದು ಕಾಯಿಲೆಯ ಹೆಸರು ಹಿಡಿಯದೆ, ಎಲ್ಲ ಕಾಯಿಲೆಗಳನ್ನೂ ಉಲ್ಬಣಗೊಳಿಸುವ ಒಂದು ಸಂಗತಿಯನ್ನು ಕುರಿತು ಬರೆಯುತ್ತಿದ್ದೇವೆ. ಅದು ಕಾಯುವಿಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು, ವೈದ್ಯರನ್ನು ಕಾಣಲು, ಸ್ಕ್ಯಾನಿಂಗಿಗೆ, ಹಾಸಿಗೆಗೆ, ಶಸ್ತ್ರಚಿಕಿತ್ಸೆಯ ದಿನಾಂಕಕ್ಕೆ ರೋಗಿಗಳು ಕಾಯುವ ಕಾಲ. ಎಲ್ಲರೂ ಕಾಯುತ್ತಾರೆ, ಅದರಲ್ಲೇನು ವಿಶೇಷ ಎಂದು ಭಕ್ತರು ಕೇಳಬಹುದು. ಎಲ್ಲರೂ ಒಂದೇ ಸಮನಾಗಿ ಕಾಯುವುದಿಲ್ಲ ಎಂಬುದೇ ಅದರ ವಿಶೇಷ.

ಸಾಲಿನಲ್ಲಿ ನಿಲ್ಲುವುದು ತನ್ನಷ್ಟಕ್ಕೆ ಅನ್ಯಾಯವೇನಲ್ಲ. ಜಾತ್ರೆಯ ದಿನ ದಾಸೋಹ ಭವನದ ಮುಂದೆ ಸಾವಿರಾರು ಜನ ನಿಲ್ಲುತ್ತಾರೆ. ಒಂದು ಪಂಕ್ತಿ ಏಳುವವರೆಗೆ ಇನ್ನೊಂದು ಪಂಕ್ತಿಯವರು ಕಾಯಲೇಬೇಕು. ಬಸುರಿ ಹೆಣ್ಣುಮಗಳನ್ನೋ, ಹಸುಳೆಯನ್ನು ಎತ್ತಿಕೊಂಡ ತಾಯಿಯನ್ನೋ, ಊರುಗೋಲು ಹಿಡಿದ ಹಿರಿಯರನ್ನೋ ಸೇವಾಕರ್ತರು ಮುಂದೆ ಕರೆದು ಕೂರಿಸಿದರೆ ಯಾರೂ ತಕರಾರು ಮಾಡುವುದಿಲ್ಲ. ಅವರ ಹಸಿವು, ಅವರ ದಣಿವು ಹೆಚ್ಚಿನದೆಂದು ಎಲ್ಲರಿಗೂ ಗೊತ್ತು. ಆದರೆ ಕಾರಿನಿಂದ ಇಳಿದವರನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟರೆ ಸಾಲಿನಲ್ಲಿ ಗುಜುಗುಜು ಏಳುತ್ತದೆ. ಆ ಗುಜುಗುಜುವಿನಲ್ಲಿ ಒಂದು ನ್ಯಾಯಪ್ರಜ್ಞೆಯಿದೆ.

ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯರು ಅನುಸರಿಸುವುದೂ ಇದೇ ನ್ಯಾಯವನ್ನು. ಬಂದ ರೋಗಿಗಳನ್ನು ಅವರು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಾರೆ. ಇದಕ್ಕೆ ಟ್ರಯಾಜ್ ಎಂದು ಹೆಸರು. ಉಸಿರು ಕಟ್ಟುತ್ತಿರುವವರು, ರಕ್ತ ಸುರಿಯುತ್ತಿರುವವರು ಕೆಂಪು. ಅವರಿಗೆ ತಕ್ಷಣ ಚಿಕಿತ್ಸೆ. ಕೈ ಮುರಿದವರು ಸ್ವಲ್ಪ ತಡೆಯಬಲ್ಲರು. ನೆಗಡಿ ಕೆಮ್ಮಿನವರು ಇನ್ನಷ್ಟು ತಡೆಯಬಲ್ಲರು. ಮುಂಜಾನೆ ಆರಕ್ಕೇ ಬಂದು ಕುಳಿತ ಹಸಿರು ಗುಂಪಿನವರಿಗಿಂತ ಹನ್ನೊಂದಕ್ಕೆ ಬಂದ ಕೆಂಪು ಗುಂಪಿನವರು ಮೊದಲು ಒಳಹೋಗುವುದು ಸಮತೆಗೆ ವಿರುದ್ಧವಲ್ಲ, ಅದು ಸಮತೆಯೇ. ರೋಗದ ತೀವ್ರತೆಯ ಸ್ಥಾನದಲ್ಲಿ ಹಣ, ಪರಿಚಯ, ಹುಟ್ಟಿದ ಊರು, ಕಲಿತ ಅಕ್ಷರ, ಹೆಣ್ಣು ಗಂಡೆಂಬ ಭೇದ ಇವು ಬಂದು ಕುಳಿತು ಸರದಿಯನ್ನು ತೀರ್ಮಾನಿಸಿದಾಗ ಮಾತ್ರ ಸಾಲು ಕೆಡುತ್ತದೆ.

ಸಾಲು ಎಲ್ಲಿಂದ ಆರಂಭವಾಗುತ್ತದೆ?

ಆಸ್ಪತ್ರೆಯ ದಾಖಲೆಯಲ್ಲಿ ಕಾಯುವಿಕೆಯ ಲೆಕ್ಕ ಶುರುವಾಗುವುದು ರೋಗಿ ಚೀಟಿ ಮಾಡಿಸಿದಾಗ. ಬಡವರ ಕಾಯುವಿಕೆ ಅದಕ್ಕಿಂತ ಬಹಳ ಮೊದಲೇ ಶುರುವಾಗಿರುತ್ತದೆ. ಹೆರಿಗೆಯ ಸಂದರ್ಭದಲ್ಲಿ ತಾಯಂದಿರು ಏಕೆ ಸಾಯುತ್ತಾರೆಂದು ಅಧ್ಯಯನ ಮಾಡಿದ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕಿಯರು 1994ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ವಿಳಂಬವನ್ನು ಮೂರು ಬಗೆಯಾಗಿ ನೋಡಿದರು. ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ತೀರ್ಮಾನಿಸುವುದರಲ್ಲಿ ಆಗುವ ತಡ, ತೀರ್ಮಾನಿಸಿದ ಮೇಲೆ ಅಲ್ಲಿಗೆ ಮುಟ್ಟುವುದರಲ್ಲಿ ಆಗುವ ತಡ, ಮುಟ್ಟಿದ ಮೇಲೆ ಸರಿಯಾದ ಚಿಕಿತ್ಸೆ ದೊರೆಯುವುದರಲ್ಲಿ ಆಗುವ ತಡ. ಬಾಣಂತಿಯರನ್ನು ಕುರಿತು ಹೇಳಿದ ಈ ಮಾತು ಇಂದು ಹೃದಯಾಘಾತಕ್ಕೂ ಕ್ಯಾನ್ಸರಿಗೂ ಅಷ್ಟೇ ಸಲ್ಲುತ್ತದೆ. ಇವುಗಳಲ್ಲಿ ಮೂರನೆಯ ತಡ ಮಾತ್ರ ಆಸ್ಪತ್ರೆಯ ಮೊಗಸಾಲೆಯಲ್ಲಿ ನಮ್ಮ ಕಣ್ಣಿಗೆ ಬೀಳುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೂಲಿ ಮಾಡುವ ಐವತ್ತರ ಒಬ್ಬ ತಾಯಿ. ಮೊದಲಿನಿಂದಲೂ ಎಲೆ ಅಡಿಕೆಯೊಂದಿಗೆ ತಂಬಾಕು ಹಾಕುವ ಅಭ್ಯಾಸ. ಕೆನ್ನೆಯ ಒಳಭಾಗದಲ್ಲಿ ಒಂದು ಹುಣ್ಣು. ನೋವಿಲ್ಲ. ನೋವಿಲ್ಲದ ಹುಣ್ಣಿಗೆ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವವರುಂಟೇ? 2025-26ನೆಯ ಸಾಲಿನಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ. ಜಿಲ್ಲಾ ಆಸ್ಪತ್ರೆಗೆ ಹೋಗಿ ಬಂದರೆ ಒಂದು ದಿನ ಹೋಯಿತು. ಜೊತೆಗೊಬ್ಬರು ಬೇಕು, ಅವರ ಕೂಲಿಯೂ ಹೋಯಿತು. ಎರಡು ಸೇರಿ 740 ರೂಪಾಯಿ, ಅದರ ಮೇಲೆ ಊಟ ತಿಂಡಿ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಆ ತಾಯಿಗೆ ಬಸ್ಸಿನ ಖರ್ಚು ಉಳಿದಿದೆ, ಇದು ಸಣ್ಣ ಸಂಗತಿಯಲ್ಲ. ಆದರೆ ಜೊತೆಗೆ ಹೋಗುವ ಮಗನ ಟಿಕೆಟ್ಟು ಉಳಿದಿಲ್ಲ. ಹೀಗಾಗಿ ಸುಗ್ಗಿ ಮುಗಿಯಲಿ ಎಂದು ಒಂದು ತಿಂಗಳು, ಮಗಳ ಬಾಣಂತನ ಮುಗಿಯಲಿ ಎಂದು ಇನ್ನೊಂದು ತಿಂಗಳು. ನಡುವೆ ಊರಿಗೆ ಬರುವ ಸೂಜಿ ವೈದ್ಯರಿಂದ ನಾಲ್ಕಾರು ಇಂಜೆಕ್ಷನ್ನು. ಕೊನೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲೆ. ಹುಣ್ಣಿನ ಚೂರನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಒಂದು ದಿನಾಂಕ, ಅದರ ವರದಿಗೆ ಇನ್ನೊಂದು ದಿನಾಂಕ, ಸ್ಕ್ಯಾನಿಂಗಿಗೆ ಮಗದೊಂದು. ಪ್ರತಿಯೊಂದು ದಿನಾಂಕಕ್ಕೂ ಮತ್ತೆ ಎರಡು ಕೂಲಿ.

ಅದೇ ಹುಣ್ಣು ಬೆಂಗಳೂರಿನ ಒಬ್ಬ ಬ್ಯಾಂಕ್ ಅಧಿಕಾರಿಗೆ ಆದರೆ? ಸಂಜೆ ಕೆಲಸ ಮುಗಿಸಿ ಬರುವಾಗ ದಂತವೈದ್ಯರಲ್ಲಿ ತೋರಿಸಿಯಾಯಿತು. ಅದೇ ವಾರದಲ್ಲಿ ಬಯಾಪ್ಸಿಯೂ ಆಯಿತು. ವರದಿ ಮೊಬೈಲಿಗೇ ಬಂದಿತು. ಕೊನೆಗೆ ಇಬ್ಬರೂ ವಿಕಿರಣ ಚಿಕಿತ್ಸೆಗೆ ಒಂದೇ ಆಸ್ಪತ್ರೆಯ ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತಿದ್ದಾರೆಂದೇ ಇಟ್ಟುಕೊಳ್ಳೋಣ. ನೋಡುವವರಿಗೆ ಅಲ್ಲಿ ಸಂಪೂರ್ಣ ಸಮಾನತೆ ಕಾಣುತ್ತದೆ. ಆದರೆ ಒಬ್ಬರು ಕೆಲವೇ ವಾರಗಳಲ್ಲಿ ಅಲ್ಲಿಗೆ ಮುಟ್ಟಿದ್ದಾರೆ, ಇನ್ನೊಬ್ಬರಿಗೆ ಅರ್ಧ ವರ್ಷ ಹಿಡಿದಿದೆ.

ಈ ವ್ಯತ್ಯಾಸದ ಬೆಲೆ ಎಷ್ಟು ಎಂಬುದಕ್ಕೆ ವೈದ್ಯಕೀಯ ಉತ್ತರವಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಒಂದು ವಿಶ್ಲೇಷಣೆ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಸಂಭವ ಶೇ. 6ರಿಂದ 8ರಷ್ಟು ಹೆಚ್ಚುತ್ತದೆ. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆ ನಾಲ್ಕು ವಾರ ತಡವಾದರೆ ಸುಮಾರು ಶೇ. 9ರಷ್ಟು ಹೆಚ್ಚುತ್ತದೆ ಎಂದು ಅದು ಕಂಡುಕೊಂಡಿತು. ಬಾಯಿಯ ಕ್ಯಾನ್ಸರ್ ಈ ಗುಂಪಿಗೇ ಸೇರಿದುದು. ಈ ಲೆಕ್ಕ ಚಿಕಿತ್ಸೆ ನಿಶ್ಚಯವಾದ ಮೇಲಿನ ತಡವನ್ನು ಕುರಿತದ್ದು ಎಂಬುದನ್ನು ಗಮನಿಸಬೇಕು. ಮನೆಯಲ್ಲಿ ಕಳೆದ ತಿಂಗಳುಗಳಲ್ಲಿ ಹುಣ್ಣು ಗಂಟಾಗಿ, ಗಂಟು ಕತ್ತಿಗೆ ಇಳಿದದ್ದು ಇದಕ್ಕೆ ಸೇರಿಲ್ಲ.

(ಪ್ರಸಂಗ ಬಂದುದರಿಂದ ಇಲ್ಲಿಯೇ ಹೇಳಿಬಿಡುತ್ತೇವೆ. ಬಾಯಿಯಲ್ಲಿ ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ದಿನದಿನಕ್ಕೆ ಬಾಯಿ ತೆರೆಯಲು ಬಿಗಿಯಾಗುವುದು, ಇವುಗಳಲ್ಲಿ ಯಾವುದಿದ್ದರೂ ನೋವಿಗಾಗಿ ಕಾಯಬಾರದು.)

ಮನೆಯೊಳಗಿನ ಸಾಲು

ಮೊದಲನೆಯ ತಡಕ್ಕೆ ಬಡತನವೊಂದೇ ಕಾರಣವೆಂದರೆ ಅರ್ಧಸತ್ಯವಾದೀತು. ಉಳ್ಳವರ ಮನೆಯಲ್ಲಿಯೂ ಹೆಣ್ಣುಮಕ್ಕಳು ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಯಜಮಾನರ ಕಣ್ಣಿಗೆ ಪೊರೆ ಬಂದರೆ ಲೆಕ್ಕಪತ್ರ ನೋಡಲಾಗುವುದಿಲ್ಲ, ಹೊಲಕ್ಕೆ ಹೋಗಲಾಗುವುದಿಲ್ಲ ಎಂದು ಮಕ್ಕಳು ಆ ತಿಂಗಳಲ್ಲೇ ಆಪರೇಷನ್ ಮಾಡಿಸುತ್ತಾರೆ. ಅಮ್ಮನ ಕಣ್ಣಿಗೆ ಪೊರೆ ಬಂದರೆ ‘ಆಕೆಗೆ ಹೊರಗಿನ ಕೆಲಸವೇನಿದೆ, ನೋಡೋಣ’ ಎನ್ನುತ್ತಾರೆ. ಆಕೆ ಒಲೆಯ ಉರಿಯನ್ನು ತಡವರಿಸಿ ಗುರುತಿಸುತ್ತ ಎರಡು ವರ್ಷ ಕಳೆಯುತ್ತಾಳೆ. ನಮ್ಮ ದೇಶದಲ್ಲಿ ನಡೆದ ದೃಷ್ಟಿದೋಷದ ಸಮೀಕ್ಷೆಗಳಲ್ಲಿ ಅಂಧತ್ವವು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಂಡುಬಂದಿರುವುದಕ್ಕೆ ಈ ‘ನೋಡೋಣ’ ಎಂಬ ಮಾತೂ ಒಂದು ಕಾರಣ. ಶರಣರ ಸಮತೆಯನ್ನು ನಿತ್ಯ ನೆನೆಯುವ ನಮ್ಮ ಮನೆಗಳಲ್ಲಿ ಇದಕ್ಕೆ ಸರ್ಕಾರವನ್ನು ದೂರಲು ಆಗುವುದಿಲ್ಲ.

ದಾರಿಯ ದೂರ

ಎರಡನೆಯ ತಡ ಭೂಪಟದಲ್ಲಿ ಕಾಣುತ್ತದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ಗುಲಬರ್ಗಾ ವಿಭಾಗದವು. ಸಮಿತಿ ಅಳೆದ ಸಂಗತಿಗಳಲ್ಲಿ ಆರೋಗ್ಯ ಸೌಲಭ್ಯವೂ ಸೇರಿತ್ತು. ದೊಡ್ಡ ಕಾಯಿಲೆಗಳ ಸರ್ಕಾರಿ ಆಸ್ಪತ್ರೆಗಳು ಬಹುಕಾಲ ಬೆಂಗಳೂರಿನಲ್ಲಿಯೇ ಇದ್ದವು: ಕ್ಯಾನ್ಸರಿಗೆ ಕಿದ್ವಾಯಿ, ಹೃದಯಕ್ಕೆ ಜಯದೇವ, ಮಿದುಳು ಮತ್ತು ಮನಸ್ಸಿಗೆ ನಿಮ್ಹಾನ್ಸ್. ಕಲಬುರಗಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 600 ಕಿಲೋಮೀಟರ್. ಬೀದರಿನಿಂದ ಇನ್ನೂ ನೂರು ಹೆಚ್ಚು. ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ ಪ್ರತಿದಿನವೂ ಆಸ್ಪತ್ರೆಗೆ ಹೋಗುವುದು. ದಿನಕ್ಕೆ ಕೆಲವು ನಿಮಿಷಗಳ ಚಿಕಿತ್ಸೆ, ಉಳಿದ ಹೊತ್ತು ಅಪರಿಚಿತ ನಗರದಲ್ಲಿ ವಾಸ. ಬೆಂಗಳೂರಿನವರು ಮನೆಯಿಂದ ಹೋಗಿಬರುತ್ತಾರೆ. ಬೀದರಿನವರಿಗೆ ಚಿಕಿತ್ಸೆ ಉಚಿತವಾದರೂ ಒಂದೂವರೆ ತಿಂಗಳ ಬಾಡಿಗೆ, ಊಟ, ಇಬ್ಬರ ಕೂಲಿ ಉಚಿತವಲ್ಲ. ದಿನಾಂಕ ಸಿಕ್ಕ ಮೇಲೂ ಹಣ ಹೊಂದಿಸಲು ಕಾಯುವವರಿದ್ದಾರೆ. ಹೊಂದದೆ ಊರಿಗೆ ಮರಳುವವರೂ ಇದ್ದಾರೆ. ಮರಳಿದವರು ಕಾಯುವವರ ಪಟ್ಟಿಯಿಂದ ಹೊರಬಿದ್ದು ಪಟ್ಟಿ ಚಿಕ್ಕದಾದಂತೆ ತೋರುತ್ತದೆ.

ಈ ದಿಕ್ಕಿನಲ್ಲಿ ಕೆಲವು ಒಳ್ಳೆಯ ಬದಲಾವಣೆಗಳು ಆಗಿವೆ, ಅವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸಂವಿಧಾನದ 371(ಜೆ) ವಿಧಿಯ ಅನ್ವಯ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ದೊರೆತ ಮೇಲೆ ಆ ಭಾಗಕ್ಕೆ ಆಸ್ಪತ್ರೆಗಳು ಬಂದವು. ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಆ ಸಂಖ್ಯೆಯನ್ನು ಆ ವಿಧಿಯ ನೆನಪಿಗಾಗಿಯೇ ಇಟ್ಟದ್ದು.

ಕಟ್ಟಡಕ್ಕಿಂತಲೂ ನಮ್ಮ ಮನಸ್ಸಿಗೆ ಹಿಡಿಸಿರುವುದು 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ರೀತಿ. ಹೃದಯಾಘಾತವೆಂದರೆ ಹೃದಯದ ಮಾಂಸಖಂಡಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿ, ಆ ಭಾಗ ನಿಮಿಷ ನಿಮಿಷಕ್ಕೆ ಸಾಯುತ್ತ ಹೋಗುವುದು. ನಾಳವನ್ನು ಬಲೂನಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿ ಉತ್ತಮ ಚಿಕಿತ್ಸೆ. ಆದರೆ ಅದು ರೋಗ ಪತ್ತೆಯಾದ ಎರಡು ಗಂಟೆಗಳೊಳಗೆ ಆಗಬೇಕು. ಅದು ಸಾಧ್ಯವಿಲ್ಲದ ಕಡೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕು. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಈ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳುಹಿಸುತ್ತಾರೆ. ಅವರು ಹೌದೆಂದರೆ ಆ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಅನಂತರ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ರೋಗಿ ದೂರ ಕ್ರಮಿಸಿ ಚಿಕಿತ್ಸೆಯನ್ನು ಮುಟ್ಟುವ ಬದಲು ಚಿಕಿತ್ಸೆಯೇ ರೋಗಿಯ ಕಡೆಗೆ ಬಂದಂತಾಯಿತು. ಎದೆಯಲ್ಲಿ ಭಾರ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡ ತಕ್ಷಣ ‘ಗ್ಯಾಸ್ ಇರಬೇಕು’ ಎಂದು ಬೆಳಗಿನವರೆಗೆ ಕಾಯದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೆಂಬುದನ್ನು ಭಕ್ತರು ಮನೆಮಂದಿಗೆಲ್ಲ ತಿಳಿಸಬೇಕು.

ಕಾಗದ ಮತ್ತು ಫೋನು

ಮೂರನೆಯ ತಡ ಆಸ್ಪತ್ರೆಯೊಳಗಿನದು. ಇಲ್ಲಿ ಮೊದಲು ಒಂದು ಸರಳ ಲೆಕ್ಕ. ಒಂದು ವಿಭಾಗದಲ್ಲಿ ವಾರಕ್ಕೆ 20 ಶಸ್ತ್ರಚಿಕಿತ್ಸೆ ಮಾಡಬಹುದು, ಆದರೆ ವಾರಕ್ಕೆ 22 ಜನ ಬರುತ್ತಾರೆ ಎಂದುಕೊಳ್ಳಿ. ಕೊರತೆ ಬರಿಯ ಇಬ್ಬರದು. ಆದರೆ ವರ್ಷ ಕಳೆಯುವಷ್ಟರಲ್ಲಿ 104 ಜನ ಉಳಿದಿರುತ್ತಾರೆ, ಹೊಸದಾಗಿ ಬಂದವರು ಐದು ವಾರಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಎರಡನೆಯ ವರ್ಷದ ಕೊನೆಗೆ ಹತ್ತು ವಾರ. ಒಬ್ಬ ಅರಿವಳಿಕೆ ತಜ್ಞರ ಹುದ್ದೆ ಖಾಲಿ ಉಳಿದರೆ ಆಗುವ ಪರಿಣಾಮ ಹೀಗೆ ಬೆಳೆಯುತ್ತ ಹೋಗುತ್ತದೆ. ಹಣವುಳ್ಳವರು ಖಾಸಗಿ ಆಸ್ಪತ್ರೆಗೆ ಹೋಗಿ ಈ ಸಾಲಿನಿಂದ ಪಾರಾಗುತ್ತಾರೆ. ಬಡವರೂ ಎಷ್ಟೋ ಜನ ಬಡ್ಡಿಸಾಲ ಮಾಡಿ ಪಾರಾಗುತ್ತಾರೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ ಸುತ್ತಿನಲ್ಲಿ ದೇಶದ ಗ್ರಾಮೀಣ ಭಾಗದಲ್ಲಿಯೂ ಆಸ್ಪತ್ರೆಗೆ ದಾಖಲಾದವರಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದವರು ಸುಮಾರು ಶೇ. 46 ಮಾತ್ರ. ದನಿಯೆತ್ತಿ ಕೇಳಬಲ್ಲವರು ಸಾಲು ಬಿಟ್ಟುಹೋದ ಮೇಲೆ ಖಾಲಿ ಹುದ್ದೆಯ ಬಗ್ಗೆ ಕೇಳುವವರು ಯಾರು?

ಬಡವರಿಗೆ ಖಾಸಗಿ ಆಸ್ಪತ್ರೆಯ ಬಾಗಿಲನ್ನೂ ತೆರೆಯುವ ಉದ್ದೇಶದ ಯೋಜನೆಗಳು ನಮ್ಮಲ್ಲಿವೆ. 2010ರಲ್ಲಿ ಗುಲಬರ್ಗಾ ವಿಭಾಗದಲ್ಲಿ ಮೊದಲು ಜಾರಿಗೆ ಬಂದ ವಾಜಪೇಯಿ ಆರೋಗ್ಯಶ್ರೀ ಅಂಥದು. ಅದರ ಫಲಿತಾಂಶವನ್ನು ಸಂಶೋಧಕರು ಅಳೆದು 2014ರಲ್ಲಿ ಪ್ರಕಟಿಸಿದರು: ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ, ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಶೇ. 0.32; ಯೋಜನೆಯಿಲ್ಲದ ಪಕ್ಕದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ. 0.90. ಬಡತನ ಒಂದೇ, ಕಾಯಿಲೆ ಒಂದೇ; ಚಿಕಿತ್ಸೆಯ ಬಾಗಿಲು ತೆರೆದಿದ್ದ ಕಡೆ ಸಾವು ಮೂರನೆಯ ಒಂದು ಭಾಗದಷ್ಟಕ್ಕೆ ಇಳಿದಿತ್ತು. 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯುತ್ತದೆ. ಆದರೆ ತುರ್ತು ಸಂದರ್ಭ ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಆ ಚಿಕಿತ್ಸೆ ಅಲ್ಲಿ ಲಭ್ಯವಿಲ್ಲವೆಂದು ರೆಫರಲ್ ಪತ್ರ ಪಡೆಯಬೇಕು. ಪಡಿತರ ಚೀಟಿಯಲ್ಲಿ ಹೆಸರು ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇದ್ದರೆ ಅದರ ತಿದ್ದುಪಡಿಗೆ ಇನ್ನೊಂದು ಸಾಲು. ಮದುವೆಯಾಗಿ ಬಂದ ಸೊಸೆಯ ಹೆಸರು ಗಂಡನ ಮನೆಯ ಚೀಟಿಗೆ ಸೇರಿರುವುದೇ ಇಲ್ಲ. ದುಡಿಮೆಗೆಂದು ಗುಳೆ ಹೋದವರ ಕಾಗದ ಊರಿನಲ್ಲಿ, ಕಾಯಿಲೆ ಬೆಂಗಳೂರಿನಲ್ಲಿ. ರೋಗಿ ಕಾಯುತ್ತಿರುವುದು ವೈದ್ಯರಿಗಾಗಿ ಎಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಅವರು ಒಂದು ಜೆರಾಕ್ಸ್ ಪ್ರತಿಗಾಗಿ ಕಾಯುತ್ತಿರುತ್ತಾರೆ.

ಚೀಟಿಯ ಸಾಲನ್ನು ಕಡಿಮೆ ಮಾಡಲು ಆಸ್ಪತ್ರೆಗಳಲ್ಲಿ 2022ರಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ವ್ಯವಸ್ಥೆ ಬಂದಿದೆ. ಒಳ್ಳೆಯದೇ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಫೋನ್ ಇದ್ದ ಮಹಿಳೆಯರು ಸುಮಾರು ಶೇ. 54, ಸ್ಮಾರ್ಟ್‌ಫೋನ್ ಅಲ್ಲ, ಯಾವುದೋ ಒಂದು ಫೋನು. ಫೋನಿದ್ದವರ ಸಾಲು ಬೇಗ ಸರಿಯುವಾಗ ಫೋನಿಲ್ಲದವರಿಗೆ ಸಹಾಯ ಮಾಡಲು ಕಿಟಕಿಯ ಬಳಿ ಒಬ್ಬರು ಇರದಿದ್ದರೆ ಆ ಸೌಲಭ್ಯವೇ ಹೊಸ ಭೇದವಾಗುತ್ತದೆ.

ಇದು ನಮ್ಮ ನಾಡಿನ ಶಾಪವೆಂದು ಭಾವಿಸಬೇಕಿಲ್ಲ. ವೇಲ್ಸ್ ದೇಶದ ಗಣಿ ಕಾರ್ಮಿಕರ ಊರೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬುವರು, ಎಲ್ಲಿ ಅಗತ್ಯ ಹೆಚ್ಚೋ ಅಲ್ಲಿಯೇ ಒಳ್ಳೆಯ ವೈದ್ಯಸೇವೆ ಕಡಿಮೆ ಎಂಬುದನ್ನು 1971ರಲ್ಲಿಯೇ ಒಂದು ನಿಯಮದಂತೆ ಬರೆದಿಟ್ಟರು. ಚಿಕಿತ್ಸೆ ಎಲ್ಲರಿಗೂ ಉಚಿತವಾಗಿರುವ, ಹದಿನೆಂಟು ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ಗುರಿಯೂ ಇರುವ ಇಂಗ್ಲೆಂಡಿನಲ್ಲಿ, ಕೋವಿಡ್ ನಂತರದ 2021ರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾದವರ ಪ್ರಮಾಣ ಉಳ್ಳವರ ಬಡಾವಣೆಗಳಿಗಿಂತ ಬಡವರ ಬಡಾವಣೆಗಳಲ್ಲಿ ಸುಮಾರು ಎರಡು ಪಟ್ಟು ಇತ್ತು. ಅವರಿಗೆ ಅದು ಗೊತ್ತಾದದ್ದು ಯಾರು ಎಷ್ಟು ಕಾದರೆಂಬುದನ್ನು ಬಡಾವಣೆವಾರು ಲೆಕ್ಕವಿಟ್ಟುದರಿಂದ. ನಮ್ಮ ಆಸ್ಪತ್ರೆಗಳೂ ಅಂಥ ಲೆಕ್ಕವನ್ನು ಇಟ್ಟು ಪ್ರಕಟಿಸಬೇಕೆಂದು ನಾವು ಬಯಸುತ್ತೇವೆ.

ಶಿಫಾರಸಿನ ಮಾತು

ಇನ್ನು ಬರೆಯಲು ತುಸು ಸಂಕೋಚವಾಗುವ ಒಂದು ವಿಷಯ. ಮಠಗಳಿಗೆ ಬರುವ ಭಕ್ತರು ಕೇಳುವ ಉಪಕಾರಗಳಲ್ಲಿ ಮಕ್ಕಳ ಶಾಲೆ, ನೌಕರಿಗಳ ಜೊತೆಗೆ ಆಸ್ಪತ್ರೆಯೂ ಇರುತ್ತದೆ. ‘ಅಪ್ಪಾರ, ತಾವೊಂದು ಫೋನ್ ಹಚ್ಚಿದ್ರ ಆಪರೇಷನ್ ಡೇಟ್ ಲಗೂ ಸಿಗತೈತ್ರಿ’ ಎಂದು ಕೈಮುಗಿದು ನಿಲ್ಲುವವರ ಕಣ್ಣಿನಲ್ಲಿ ಇರುವುದು ಭಯ. ಅದನ್ನು ಹಗುರವಾಗಿ ನೋಡುವುದು ಸಲ್ಲದು. ಶಾಸಕರ ಮನೆಯ ಮುಂದೆ, ಅಧಿಕಾರಿಗಳ ಕಚೇರಿಯಲ್ಲಿ ನಡೆಯುವುದೂ ಇದೇ.

ಆದರೆ ಆ ಫೋನಿನ ಆಚೆ ತುದಿಯಲ್ಲಿ ಏನಾಗುತ್ತದೆ ಎಂಬುದನ್ನು ಯೋಚಿಸಬೇಕು. ಆ ದಿನದ ಪಟ್ಟಿಯಲ್ಲಿ ಆರು ಹೆಸರುಗಳಿವೆ. ಏಳನೆಯದು ಮೇಲಕ್ಕೆ ಸೇರಿದರೆ ಕೊನೆಯದು ಬಿಟ್ಟುಹೋಗುತ್ತದೆ. ಬಿಟ್ಟುಹೋಗುವುದು ಯಾರ ಹೆಸರು? ಕೇಳಲು ಯಾರೂ ಇಲ್ಲದವರದು. ಅವರು ಹಿಂದಿನ ರಾತ್ರಿಯಿಂದ ಉಪವಾಸವಿದ್ದು, ಹಸಿರು ಬಟ್ಟೆ ಉಟ್ಟು ಕುಳಿತಿರುತ್ತಾರೆ. ಮಧ್ಯಾಹ್ನ ಮೂರಕ್ಕೆ ‘ಇವತ್ತು ಆಗುವುದಿಲ್ಲ’ ಎಂಬ ಉತ್ತರ. ಮುಂದಿನ ದಿನಾಂಕದ ಹೊತ್ತಿಗೆ ಹಳೆಯ ರಕ್ತಪರೀಕ್ಷೆ ನಡೆಯುವುದಿಲ್ಲ, ಅರಿವಳಿಕೆಗೆ ಯೋಗ್ಯರೆಂಬ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ನಾವು ಮಾಡಿದ ಉಪಕಾರದ ವೆಚ್ಚವನ್ನು ಭರಿಸಿದವರು ಅವರು. ಅವರ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಅವರೂ ಯಾವುದೋ ಮಠದ ಭಕ್ತರಿರಬಹುದು, ನಮ್ಮ ಮಠದವರೇ ಇರಬಹುದು.

ಹಾಗೆಂದು ಎಲ್ಲ ಶಿಫಾರಸೂ ಒಂದೇ ಅಲ್ಲ. ರಕ್ತ ಕಾರುತ್ತಿರುವವರನ್ನು ಹಾಸಿಗೆಯಿಲ್ಲವೆಂದು ಹೊರಗೆ ಕೂರಿಸಿದ್ದರೆ ಫೋನು ಮಾಡಲೇಬೇಕು. ಕೆಟ್ಟಿರುವ ಸಾಲನ್ನು ಅದು ಸರಿಪಡಿಸುತ್ತದೆ. ‘ಇವರು ನಮ್ಮವರು’ ಎಂದು ಹೇಳುವುದಕ್ಕೂ ‘ಇವರ ಸ್ಥಿತಿ ಗಂಭೀರವಾಗಿದೆ, ಒಮ್ಮೆ ನೋಡಿ’ ಎಂದು ಹೇಳುವುದಕ್ಕೂ ಅಂತರವಿದೆ. ಎರಡನೆಯದನ್ನು ಹೇಳಲು ರೋಗಿ ನಮ್ಮವರಾಗಿರಬೇಕಾಗಿಲ್ಲ.

ಅಂಥ ಸ್ಥಿತಿಯಲ್ಲಿ ಕಾನೂನು ರೋಗಿಯ ಪರವಾಗಿದೆ. 1992ರಲ್ಲಿ ಪಶ್ಚಿಮ ಬಂಗಾಳದ ಒಬ್ಬ ಕೂಲಿ ಕಾರ್ಮಿಕ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ, ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಹಲವು ಸರ್ಕಾರಿ ಆಸ್ಪತ್ರೆಗಳು ಒಂದರ ಹಿಂದೊಂದು ಅವರನ್ನು ವಾಪಸು ಕಳಿಸಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಖರ್ಚು ಮಾಡಬೇಕಾಯಿತು. ಅವರ ಕಾರ್ಮಿಕ ಸಂಘ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟಿತು. ತುರ್ತು ಚಿಕಿತ್ಸೆಯನ್ನು ಸಕಾಲದಲ್ಲಿ ಕೊಡದಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ, ಹಣವಿಲ್ಲವೆಂಬ ಸಬೂಬನ್ನು ಸರ್ಕಾರ ಹೇಳುವಂತಿಲ್ಲ ಎಂದಿತು. 25,000 ರೂಪಾಯಿ ಪರಿಹಾರ ಕೊಡಿಸಿತು. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿದೆಯೆಂದು ತಿಳಿಯುವ ಕೇಂದ್ರ ವ್ಯವಸ್ಥೆ ಬೇಕೆಂದೂ ಹೇಳಿತು. ಆ ತೀರ್ಪು ನಮ್ಮ ರಾಜ್ಯಕ್ಕೂ ಅನ್ವಯಿಸುತ್ತದೆ.

ಭಕ್ತರಿಂದ ಆಗಬಹುದಾದ ಸೇವೆ

ಆಸ್ಪತ್ರೆಗೆ ಒಂಟಿಯಾಗಿ ಬರುವ ಹಳ್ಳಿಯವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಜೊತೆಗೆ ಒಬ್ಬರು. ಯಾವ ಕೊಠಡಿ, ಯಾವ ಕಿಟಕಿ, ಯಾವ ಕಾಗದ ಎಂದು ಓದಿ ಹೇಳುವವರು. ನಿವೃತ್ತ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ವಾರಕ್ಕೆ ಒಂದು ಬೆಳಗನ್ನು ತಮ್ಮೂರಿನ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ, ವೈದ್ಯಾಧಿಕಾರಿಗಳ ಒಪ್ಪಿಗೆ ಪಡೆದು, ಇದಕ್ಕೆ ಮೀಸಲಿಟ್ಟರೆ ಅದು ದಾಸೋಹವೇ. ಅನ್ನ ಬಡಿಸಿದಂತೆ ಅಕ್ಷರವನ್ನು ಬಡಿಸುವುದು. ಊರಿನ ಪ್ರಮುಖರು ಪ್ರತಿ ಸರ್ಕಾರಿ ಆಸ್ಪತ್ರೆಗೂ ಇರುವ ಆರೋಗ್ಯ ರಕ್ಷಾ ಸಮಿತಿಯ ಸಭೆ ಯಾವಾಗ ನಡೆಯಿತು, ಖಾಲಿ ಹುದ್ದೆಗಳೆಷ್ಟು, ಸ್ಕ್ಯಾನಿಂಗ್ ಯಂತ್ರ ಎಷ್ಟು ದಿನದಿಂದ ನಿಂತಿದೆ ಎಂದು ಕೇಳಬಹುದು. ಒಬ್ಬರ ದಿನಾಂಕಕ್ಕಾಗಿ ಮಾಡುವ ಫೋನಿಗಿಂತ ಒಂದು ಯಂತ್ರದ ದುರಸ್ತಿಗಾಗಿ ಮಾಡುವ ಫೋನು ಹೆಚ್ಚು ಜನರನ್ನು ಮುಟ್ಟುತ್ತದೆ.

ಮನೆಯಲ್ಲಿ ಮಾಡಿಟ್ಟುಕೊಳ್ಳಬೇಕಾದ ಕೆಲಸವೂ ಇದೆ. ಪಡಿತರ ಚೀಟಿಯಲ್ಲಿ ಸೊಸೆ, ಮೊಮ್ಮಕ್ಕಳ ಹೆಸರು ಸೇರಿದೆಯೇ, ಆಧಾರ್‌ನ ಹೆಸರಿಗೆ ಹೊಂದುತ್ತದೆಯೇ ಎಂಬುದನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ನೋಡಿಕೊಳ್ಳಬೇಕು. ಯೋಜನೆಯಡಿ ನೋಂದಾಯಿತವಾದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಬಿಲ್ಲಿನ ಮಾತು ಬರುವ ಮೊದಲೇ ಅವರನ್ನು ಹುಡುಕಿ ಮಾತನಾಡಬೇಕು. ತುರ್ತು ವಾಹನಕ್ಕೆ 108, ಸಲಹೆಗೂ ದೂರಿಗೂ 104. ಈ ಎರಡು ಸಂಖ್ಯೆಗಳನ್ನು ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡುವುದು ಒಳ್ಳೆಯದು. ಹಳೆಯ ಚೀಟಿ, ಎಕ್ಸ್-ರೇ, ಇಸಿಜಿ, ರಕ್ತಪರೀಕ್ಷೆಯ ವರದಿಗಳನ್ನು ಒಂದೇ ಚೀಲದಲ್ಲಿ ದಿನಾಂಕದ ಕ್ರಮದಲ್ಲಿ ಇಟ್ಟುಕೊಂಡು, ಪ್ರತಿ ಬಾರಿಯೂ ಆ ಚೀಲವನ್ನು ಒಯ್ಯಬೇಕು. ಒಂದು ವರದಿ ಮನೆಯಲ್ಲಿ ಉಳಿದರೆ ಅದೇ ಪರೀಕ್ಷೆಗೆ ಮತ್ತೊಂದು ದಿನ, ಮತ್ತೆರಡು ಕೂಲಿ ಹೋಗುತ್ತದೆ.